ಕಳ್ಳನ ಲಾವಣಿ, ನಮ್ಮವ್ವನ ಕಿವಿ

ಓಣಿಯಲ್ಲಿ ನಾಲ್ಕಕ್ಷರ ಕಲಿತ ಹೆಣ್ಣು ಒಬ್ಬಳೇ ಇದ್ದರೆ, ಸಂತೆಯಿಂದ ಬಂದ ಹಾಳೆಗಳೆಲ್ಲ ಅವಳ ಕೈಗೇ ಬರುತ್ತವೆ. ಹಾಳೆಯ ಬೆನ್ನಿಗೆ ಜಗಳವೂ ಬರುತ್ತದೆ.

೧. ಮಾವನ ಕಣ್ಣೀರು

ಸವಣೂರ ಸಂತೆಯಲ್ಲಿ ಒಬ್ಬ ಲಾವಣಿಕಾರ ದಪ್ಪು ಬಡಿದು ಹಾಡುತ್ತಿದ್ದ. ಹಾಡಿದ್ದನ್ನೇ ಅಚ್ಚು ಹಾಕಿಸಿ ಮಾರುತ್ತಿದ್ದ. ಹಾಡುಗಳೆಲ್ಲ ಹಿಂದೆಂದೋ ಸತ್ತುಹೋದ ಒಬ್ಬ ದರೋಡೆಗಾರನವು. ಅವನು ಸಾಹುಕಾರರನ್ನು ಸುಲಿದು ಬಡವರಿಗೆ ಹಂಚಿದನಂತೆ, ಪೊಲೀಸರು ಬೆನ್ನು ಹತ್ತಿದರೆ ಅವರ ಅಧಿಕಾರ ನಡೆಯದ ನವಾಬರ ಸೀಮೆಗೆ ಜಿಗಿದು ವೀಳ್ಯದೆಲೆ ತೋಟದಲ್ಲಿ ಅಡಗುತ್ತಿದ್ದನಂತೆ. ಮಾವ ಹಾಳೆ ತಂದು ನನ್ನಿಂದ ಓದಿಸಿದರು. ಹಾಡಿನ ಒಂದು ನುಡಿಯಲ್ಲಿ ‘ಹೆಂಗಸರ ಬಂಗಾರ ಮುಟ್ಟಲಿಲ್ಲ’ ಎಂಬ ಸಾಲು ಬಂತು, ಅಲ್ಲಿಗೆ ನಾನು ನಿಲ್ಲಿಸಿದೆ. ಇದೇ ಪುಣ್ಯಾತ್ಮ ಹತ್ತಿಮತ್ತೂರ ದಾರಿಯಲ್ಲಿ ನಮ್ಮವ್ವನ ಬೆಂಡೋಲೆ ಜಗ್ಗಿಕೊಂಡು ಓಡಿದ್ದ. ಅವಳ ಎಡಗಿವಿ ಇಂದಿಗೂ ಸೀಳಿದೆ. ಅದನ್ನು ಹೇಳಿದೆ.

ಮಾವ ಕಣ್ಣೊರೆಸಿಕೊಂಡು, “ಪಾಪ, ಅವತ್ತ ಅವಂಗ ಎಷ್ಟ ಹಸಿವಾಗಿತ್ತೋ ಏನೋ. ಮುಂದ ಓದವಾ,” ಎಂದರು.

೨. ಗಂಡನ ಭಕ್ತಿ

ಗಂಡ ಆ ಹಾಳೆಯನ್ನು ದೇವರ ಪಟದ ಪಕ್ಕ ಅಂಟಿಸಿ ಊದಿನಕಡ್ಡಿ ಹಚ್ಚಿದರು. ನನಗೆ ಮೈ ಉರಿಯಿತು.

“ಹೊಲದಾಗ ಯಾರರೆ ಎರಡ ಮೆಣಸಿನಕಾಯಿ ಹರಕೊಂಡ್ರ ಬಡಿಗಿ ಹಿಡಕೊಂಡ ಓಡ್ತೀರಿ. ಈ ಕಳ್ಳಗ ಊದಿನಕಡ್ಡಿ ಏನ್ರಿ?”

“ಅಂವಾ ಕದ್ದದ್ದು ಬಡವರ ಸಲುವಾಗಿ.”

“ನಮ್ಮವ್ವನ ಬೆಂಡೋಲಿ ಯಾವ ಬಡವಗ ಸಿಕ್ತು? ಹೆಸರ ಹೇಳ್ರಿ.”

ಹಾಳೆಯನ್ನು ಮೇಲಿಂದ ಕೆಳತನಕ ನೋಡಿ ಹೇಳಿದರು: “ಬರ್ಯಾಕ ಜಾಗಾ ಸಾಲಿಲ್ಲ ಕಾಣಸ್ತೇತಿ.”

೩. ಹೊಸ ನುಡಿ

ಮುಂದಿನ ಸಂತೆಗೆ ಮಗುವನ್ನು ಬಗಲಲ್ಲಿಟ್ಟುಕೊಂಡು, ತವರಿಂದ ಕರೆಸಿದ ಅವ್ವನ ಕೈ ಹಿಡಿದು ಹೋದೆ. ಲಾವಣಿಕಾರನ ಮುಂದೆ ಅವಳ ತಲೆಯ ಮೇಲಿನ ಸೆರಗು ಸರಿಸಿ, “ಈ ಕಿವಿನೂ ಹಾಡ್ರಿ,” ಎಂದೆ.

ಅವನು ಕೈ ಮುಗಿದ. “ತಪ್ಪಾತ್ರಿ ಅಕ್ಕಾರ. ಮುಂದಿನ ವಾರ ಬರ್ರಿ, ಹೊಸ ನುಡಿ ಹಾಕಿಸ್ತೇನಿ.”

ಮುಂದಿನ ವಾರ ಇಬ್ಬರೂ ಮತ್ತೆ ಹೋದೆವು. ಅವನು ಮಾತು ತಪ್ಪಲಿಲ್ಲ, ಹಾಕಿಸಿದ್ದ. ಅಲ್ಲೇ ನಿಂತು ಅವ್ವನಿಗೆ ಓದಿ ಹೇಳಿದೆ. ದರೋಡೆಗಾರ ಅವಳನ್ನು ತಂಗಿ ಎಂದನಂತೆ. ಸಾಹುಕಾರನಿಂದ ಕಸಿದ ಬೆಂಡೋಲೆಯನ್ನು ಕೈಯಾರೆ ತೊಡಿಸಿದನಂತೆ. ಬಂಗಾರ ಅಷ್ಟು ಭಾರವಿದ್ದುದರಿಂದ ಕಿವಿ ಹರಿಯಿತಂತೆ.

ಜನ ಅವ್ವನ ಕಾಲು ಮುಟ್ಟತೊಡಗಿದರು. ನಾನು ಹಾಳೆ ಹರಿಯಲು ಹೋದೆ. ಅವ್ವ ಅದನ್ನು ಕಸಿದುಕೊಂಡು ಹೋಗಿ ಲಾವಣಿಕಾರನ ಕಂಬಳಿಯ ಮೇಲೆ, ಮಾರುವ ಹಾಳೆಗಳ ಮೇಲೆಯೇ ಕುಳಿತುಬಿಟ್ಟಳು.

“ಏಳಬೇ ಯವ್ವಾ, ಯಾಪಾರ ಕೆಡತೈತಿ,” ಅಂದ ಅವನು.

“ಅಂವಾ ಬೆಂಡೋಲಿ ಕೊಟ್ಟಾನಂತ ಅಚ್ಚಾಗೇತಿ, ತಮ್ಮಾ. ನನ್ನ ಕಿವ್ಯಾಗಂತೂ ಇಲ್ಲ. ಕೊಟ್ಟದ್ದ ನೋಡಿದಾಂವಾ ನೀ ಒಬ್ಬನ. ಎಲ್ಲಿಟ್ಟಿದ್ದಿ, ತಗೊಂಡ ಬಾ. ಅಲ್ಲೀತನಕಾ ಕುಂತಿರ್ತೇನಿ.”