ಕಾದಂಬರಿಗೆ ನಾನು ಬಡಿಸಿದ ಮೊಸರು

ಎಂಬತ್ತರ ದಶಕದ ಮಾತು. ಆಳಂದದ ನಮ್ಮ ಮನೆಯಲ್ಲಿ ಅತ್ತೆ ಕಣ್ಣಿನ ಆಪರೇಶನ್ ಮಾಡಿಸಿಕೊಂಡು, ಕಪ್ಪು ಕನ್ನಡಕ ಹಾಕಿ ಬೇಸರದಿಂದ ಕೂತಿದ್ದರು. ಅವರಿಗೆ ಕಾದಂಬರಿ ಓದಿ ಹೇಳುವ ಘನ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ಓದುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಯಾರಿದ್ದರು?

ವಾಚನಾಲಯದಿಂದ ತಂದದ್ದು ದಪ್ಪ ಪುಸ್ತಕ. ದೊಡ್ಡ ಮನೆತನ, ಹಿರಿಸೊಸೆ ಕಿರಿಸೊಸೆಗೆ ಮಾಡಿದ ಅನ್ಯಾಯ, ಅದರ ಕೊರಗು. ಯಾವ ಅನ್ಯಾಯವೆಂದು ಮಾತ್ರ ಲೇಖಕರು ಬಾಯಿ ಬಿಡಲೊಲ್ಲರು. ಹಿರಿಸೊಸೆ ಕಿಟಕಿಯಲ್ಲಿ ನಿಂತು ನಿಟ್ಟುಸಿರಿಡುತ್ತಾಳೆ, ಅಧ್ಯಾಯ ಮುಗಿಯುತ್ತದೆ. ಮುಂದಿನ ಅಧ್ಯಾಯದಲ್ಲೂ ಅದೇ ಕಿಟಕಿ!

"ಆಕಿ ಏನ್ ಮಾಡಿದ್ಳಬೇ?" ಅತ್ತೆ ಕೇಳಿದರು.

ನನಗೂ ಗೊತ್ತಿರಲಿಲ್ಲ. ಲೇಖಕರಿಗೆ ಉಪಕಾರ ಮಾಡೋಣವೆಂದು ಪುಟ ನೋಡುತ್ತಲೇ ಸ್ವಂತದ್ದೊಂದು ಸಾಲು ಸೇರಿಸಿ ಓದಿದೆ: "ಹಿರಿಸೊಸೆ ಗಟ್ಟಿ ಮೊಸರನ್ನು ತನಗಿಟ್ಟುಕೊಂಡು, ಕಿರಿಯವಳಿಗೆ ನೀರು ಮಜ್ಜಿಗೆ ಬಡಿಸುತ್ತಿದ್ದಳು."

ಅತ್ತೆ ಸಾಕೆಂದು ಎದ್ದು ಒಳಗೆ ಹೋದರು. ಮರುದಿನ ನಾನು ನೀರು ತರುವಷ್ಟರಲ್ಲಿ ಮನೆಯಲ್ಲೇ ಇರಲಿಲ್ಲ. ಪಕ್ಕದ ಮನೆಯ ರಜಿಯಾ ಖಾಲಾ ಹೇಳಿದರು: "ಹಿರೋಳ್ಳಿ ಬಸ್ ಹತ್ತಿದ್ರು ನೋಡು. ಮಾರಿ ಸಣ್ಣದಾಗಿತ್ತು."

ಹಿರೋಳ್ಳಿಯಲ್ಲಿ ಅತ್ತೆಯ ಮೈದುನನ ಮನೆ. ನಮ್ಮ ಮನೆಯಲ್ಲಿ ಮೊಸರು ಬಡಿಸುವವರು ಅತ್ತೆಯೇ. ಚುಚ್ಚಿ ಆಡಿದೆನೆಂದುಕೊಂಡಿರಬೇಕು!

"ಏನ್ ಓದಿದಿ?" ಎಂದರು ಗಂಡ.

"ಪುಸ್ತಕದಾಗ ಇದ್ದದ್ದೇ ರೀ."

"ತೋರ್ಸು."

ತೋರಿಸಲು ಪುಟವೆಲ್ಲಿತ್ತು? ಇಬ್ಬರೂ ಮುಂದಿನ ಬಸ್ಸು ಹಿಡಿದೆವು.

ಹಿರೋಳ್ಳಿಯಲ್ಲಿ ಹೊಸ್ತಿಲು ದಾಟಿದವಳೇ ಅತ್ತೆಯ ಕಾಲು ಹಿಡಿದೆ. "ತಪ್ಪಾತ್ರಿ ಅತ್ತಿ."

"ಏಳ್ಬೇ, ನಡುವ ಬರಬ್ಯಾಡ. ನಾನೇ ಇಲ್ಲಿ ತಪ್ಪು ಒಪ್ಕೊಳ್ಳಾಕತ್ತೇನಿ."

ಎದುರಿಗೆ ಮೈದುನನ ಹೆಂಡತಿ ಶರಣಮ್ಮ ಕೂತಿದ್ದರು. ಹಿಂದೆ ಎಲ್ಲರೂ ಒಂದೇ ಮನೆಯಲ್ಲಿದ್ದಾಗ, ಆಗಿನ್ನೂ ಹೊಸ ಸೊಸೆಯಾಗಿದ್ದ ಶರಣಮ್ಮನಿಗೆ ಅತ್ತೆ ಬಡಿಸುತ್ತಿದ್ದದ್ದೂ ನೀರು ಮಜ್ಜಿಗೆಯಂತೆ. ನಾನು ಬಾಯಿಗೆ ಬಂದದ್ದು ಓದಿದ್ದೆ. ಅತ್ತೆಗೆ ಅದು ಎದೆಗೇ ತಾಗಿತ್ತು.

ಶರಣಮ್ಮ ಸೆರಗು ಬಾಯಿಗಿಟ್ಟು ನಗತೊಡಗಿದರು. "ಅಯ್ಯ ಅಕ್ಕ, ನನಗ ಮೊಸರಿನ ವಾಸನೀನೇ ಆಗಂಗಿಲ್ಲ. ನೀ ಮಜ್ಜಿಗಿ ಹಾಕಿದ್ದಕ್ಕ ಆ ಮನ್ಯಾಗ ಎರಡು ತುತ್ತು ಉಂಡೇನಿ."

ಅತ್ತೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರಿಗೂ ನಗು ಬಂತು. ನನಗೆ ಹೋದ ಜೀವ ಬಂತು.

ಮರಳುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದೆ: "ಹಂಗಾರ ನನ್ನ ಮ್ಯಾಲ ಸಿಟ್ಟಿಲ್ಲಲ್ರಿ?"

"ನಿನ್ನ ಮ್ಯಾಲ್ಯಾಕ? ನಿನಗ ನೀರ ಮಜ್ಜಿಗಿ ಹಾಕಿದ್ರ ನೀ ಸುಮ್ನ ಕುಡಿಯಾಕಿ ಏನು? ಇಡೀ ಆಳಂದ ಎಬ್ಬಿಸ್ತಿದ್ದಿ."

ಮುಂದಿನ ಸೀಟಿನವರು ತಿರುಗಿ ನೋಡಿ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನನ್ನ ಗಂಡ.