ಕಾಕಾನ ಫಟಫಟಿ, ನನ್ನ ತೂಕದ ಜೋಳ

ಹುಬ್ಬಳ್ಳಿ-ಧಾರವಾಡದ ನಡುವೆ ನಮ್ಮ ಕಾಕಾನಷ್ಟು ಅಂಜುಬುರುಕರು ಇನ್ನೊಬ್ಬರಿರಲಿಲ್ಲ. ಅಂಥವರು ಫಟಫಟಿ ಯಾಕೆ ಕೊಂಡರೋ ದೇವರೇ ಬಲ್ಲ! ಎಮ್ಮೆ ಎದುರಾದರೆ ಎಂಜಿನ್ ಬಂದ್ ಮಾಡಿ, ಕೆಳಗಿಳಿದು, "ನೀವ ಮೊದಲ ಹೋಗ್ರಿ" ಅನ್ನುತ್ತಿದ್ದರು. ಎಮ್ಮೆಗೆ!

ಅರವತ್ತರ ದಶಕದ ಮೊದಲ ವರ್ಷಗಳು. ಘಟ್ಟದ ಕೆಳಗಿನ ಹಳ್ಳಿಯೊಂದರಲ್ಲಿ ನನಗೆ ಶಿಕ್ಷಕಿಯ ಕೆಲಸ ಸಿಕ್ಕಿತು. ಜೂನ್ ತಿಂಗಳ ಎರಡನೆಯ ಸೋಮವಾರ ಹಾಜರಾಗದಿದ್ದರೆ ಕೆಲಸ ಹೋದಂತೆಯೇ. ಮಳೆಗೆ ರಸ್ತೆ ಕೊಚ್ಚಿಹೋಗಿ ಬಸ್ಸು ನಿಂತಿತ್ತು. "ಕೆಲಸಾನ ಬ್ಯಾಡ" ಎಂದರು ಅಪ್ಪ.

"ನಾ ಕರಕೊಂಡ ಹೋಗ್ತೇನಿ, ಅಣ್ಣಾ" ಎಂದರು ಕಾಕಾ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಎಮ್ಮೆಗೆ ದಾರಿ ಬಿಡುವವನು ಮಗಳನ್ನು ಬೀಳಿಸಲಾರ ಎಂದು ಅವ್ವ ಮಾತ್ರ ನಂಬಿದಳು.

ಮರುದಿನ ಕಾಕಾ ನನ್ನನ್ನು ಕಾಳಿನ ಅಂಗಡಿಗೆ ಕರೆದೊಯ್ದು ದೊಡ್ಡ ತಕ್ಕಡಿಯಲ್ಲಿ ಕೂರಿಸಿದರು!

"ಇಕಿ ತೂಕದಷ್ಟ ಜ್ವಾಳ ಕೊಡ್ರಿ."

"ಯಾವ ದೇವರಿಗೆ ಹರಕಿರಿ?" ಅಂಗಡಿಯವ ಕೈಮುಗಿದ.

"ಫಟಫಟಿಗೆ."

ರವಿವಾರ ಆ ಚೀಲವನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು ಎಲ್ಲಿಗೋ ಹೋದವರು ಸಂಜೆ ಬಂದರು. ಚೀಲ ಹರಿದಿತ್ತು, ಮೊಣಕೈಗೆ ಪಟ್ಟಿ ಕಟ್ಟಿತ್ತು.

"ಅರ್ಧ ಜ್ವಾಳ ಎಲ್ಲಿ ಹೋತ್ರಿ?" ಅವರ ಹೆಂಡತಿ, ನಮ್ಮ ಕಾಕು, ಸೊಂಟಕ್ಕೆ ಕೈಯಿಟ್ಟು ನಿಂತಳು.

"ಗುಬ್ಬಿಗೆ ಹಾಕಿ ಬಂದೆ."

ವಾರವಿಡೀ ನಮಗೆ ನಗುವುದೇ ಕೆಲಸವಾಯಿತು.

ಹಾಜರಾಗಬೇಕಾದ ಆ ಸೋಮವಾರ ನಸುಕಿನಲ್ಲಿ ಹೊರಟೆವು. ಯಲ್ಲಾಪುರ ದಾಟಿ ಘಟ್ಟದ ತುದಿಗೆ ಬಂದೆವು. ಚಪ್ಪಟೆ ಎರೆಹೊಲ ನೋಡಿ ಬೆಳೆದವಳು ನಾನು. ಇಲ್ಲಿ ನೆಲವೇ ಕಳಚಿ ಬಿದ್ದಿತ್ತು! ಮೋಡ ನಮ್ಮ ಕಾಲ ಕೆಳಗೆ. ಹಾರುವ ಹಕ್ಕಿಯ ಬೆನ್ನನ್ನು ಮೇಲಿನಿಂದ ನೋಡಿದ್ದು ಅಂದೇ ಮೊದಲು. ಜಲ್ಲಿಕಲ್ಲು ಹಾಸಿದ ಸಣ್ಣ ಖಡಿ ರಸ್ತೆ. ಒಂದು ಬದಿ ಬಂಡೆ, ಇನ್ನೊಂದು ಬದಿ ಏನೂ ಇಲ್ಲ.

ಅಂಥ ರಸ್ತೆಯಲ್ಲಿ ಈ ಅಂಜುಬುರುಕರು ಓಣಿಯಲ್ಲಿ ಹೋದಷ್ಟು ಸಲೀಸಾಗಿ ಇಳಿಯತೊಡಗಿದರು! "ಮುಂದ ತೆಗ್ಗ ಅದ, ಗಟ್ಟಿ ಹಿಡಕೋ" ಎಂದು ತಿರುವು ಕಾಣುವ ಮೊದಲೇ ಹೇಳುತ್ತಿದ್ದರು. ಇವರಿಗೆ ಹೇಗೆ ಗೊತ್ತು?

ಒಂದು ಕಡಿದಾದ ತಿರುವಿನಲ್ಲಿ ನಿಲ್ಲಿಸಿದರು. "ಇಳಿ. ಇಲ್ಲೆ ನಡಕೋತ ಬಾ."

"ತಡಾ ಆಗ್ತದ, ಕಾಕಾ!"

"ಇಳಿಯವ್ವಾ."

ಮುಖ ಊದಿಸಿಕೊಂಡು ಇಳಿದೆ. ರಸ್ತೆಯ ಅಂಚಿನ ಖಡಿಯ ನಡುವೆ ಬೆರಳುದ್ದದ ಹಸಿರು ಮೊಳಕೆಗಳು ಎದ್ದಿದ್ದವು. ಜೋಳ! ಈ ಕಾಡಿನಲ್ಲಿ ಜೋಳ ಬಿತ್ತಿದವರು ಯಾರು? ಪಕ್ಕದ ಕಲ್ಲಿಗೆ ಗೋಣಿಯ ಹರಕೊಂದು ಸಿಕ್ಕಿಕೊಂಡಿತ್ತು.

ಆ ಹರಕನ್ನು ಬಿಡಿಸಿ ಕೈಗೆ ತೆಗೆದುಕೊಂಡೆ. "ಕಾಕಾ, ನೀವು ಇಲ್ಲೇ ಬಿದ್ದಿದ್ರೇನು?"

ಕಾಕಾ ಹ್ಯಾಂಡಲ್ ಒರೆಸುತ್ತ ನಿಂತರು.

"ನನ್ನ ಮಾತ ಬಿಡವ್ವಾ. ಅವತ್ತ ಇಲ್ಲೆ ನೀ ಬಿದ್ದಿದ್ದಿ. ಅದಕ್ಕ ಇವತ್ತ ನಡಸಾಕತ್ತೇನಿ."

ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಸಾಲೆ ಮುಟ್ಟಿ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದೆ. ಆಗಲೂ ನಾನು ಅಳುತ್ತಲೇ ಇದ್ದೆ.