ಬನ್ ನಿಪ್ಪಟ್ಟಿಗೆ ಬೇಡ ಅಂದವನು

ನಮ್ಮಕ್ಕನ ಪರವಾಗಿ ನಾನು ಒಂದೇ ಒಂದು ಮಾತು ಆಡಬೇಕಿತ್ತು, ಆಡಲಿಲ್ಲ. ಆಡಲಿಲ್ಲ ಅಂದರೂ ಪೂರ್ತಿ ನಿಜವಲ್ಲ. ಆಡಿದೆ, ಉಲ್ಟಾ ಆಡಿದೆ. "ಹೌದು" ಅನ್ನಬೇಕಾದ ಕಡೆ "ಬೇಡ" ಅಂದೆ. ಬಾಯಲ್ಲಿ ಅಂದಿದ್ದರೆ ಗಾಳಿಗೆ ಹೋಗುತ್ತಿತ್ತು. ಮೊಬೈಲಿನಲ್ಲಿ ಬರೆದು, ಕೊನೆಗೆ ಕೈಮುಗಿಯುವ ಚಿತ್ರವನ್ನೂ ಅಂಟಿಸಿ ಕಳಿಸಿದೆ. ದೊಡ್ಡ ತಪ್ಪು ಮಾಡಿದವರಿಗೆ ಸಮಾಧಾನ ಹೇಳಲು ಹತ್ತು ಜನ ಬರುತ್ತಾರೆ. ಸಣ್ಣ ತಪ್ಪು ಮಾಡಿದವನ ಪಾಡು ಕಷ್ಟ. ಯಾರ ಹತ್ತಿರ ಹೇಳಿಕೊಂಡರೂ "ಅಯ್ಯೋ, ಇಷ್ಟೇನಾ" ಅಂದುಬಿಡುತ್ತಾರೆ. ಹೌದು, ಇಷ್ಟೇ. ಇಷ್ಟನ್ನು ಹೊತ್ತುಕೊಂಡು ನಾನು ಒಂದು ಬೇಸಿಗೆಯೆಲ್ಲ ಓಡಾಡಿದೆ.

ನಾನು ಓದಿದ್ದು ಏಳನೇ ಕ್ಲಾಸು. ಪಾಸೋ ಫೇಲೋ ಅಂತ ಕೇಳಬೇಡಿ, ಫಲಿತಾಂಶ ನೋಡಲು ನಾನು ಹೋಗಲಿಲ್ಲ. ಬೆಳಿಗ್ಗೆ ಅರಸೀಕೆರೆಯ ಬೇಕರಿಯೊಂದರಿಂದ ಬನ್ನಿನ ಟ್ರೇಗಳನ್ನು ಲಗೇಜ್ ಆಟೊದಲ್ಲಿ ತುಂಬಿಕೊಂಡು ಜಾವಗಲ್, ಹಳೇಬೀಡು, ಮಾದಿಹಳ್ಳಿ, ಬೇಲೂರು ಅಂತ ಅಂಗಡಿ ಅಂಗಡಿಗೆ ಇಳಿಸುತ್ತ ಹೋಗುವುದು ನನ್ನ ಕೆಲಸ. ಹಿಂದೆ ಬಿಸಿ ಬನ್ನಿನ ವಾಸನೆ, ಮುಂದೆ ರಸ್ತೆ. ಇದಕ್ಕಿಂತ ಒಳ್ಳೆಯ ಕೆಲಸ ಇದ್ದರೆ ಇರಲಿ, ನನಗೆ ಬೇಡ.

ಹೀಗೆ ಹೋಗುವಾಗ ಒಂದು ದಿನ ಮಾದಿಹಳ್ಳಿ ಹತ್ತಿರ ಒಂದು ಕಾರು ಕೊಟ್ಟಿಗೆಯ ಮುಂದೆ ನಿಂತಿತ್ತು. ಕಾರಿನೊಳಗಿನ ಹೆಂಗಸು ಮೊಬೈಲ್ ತೋರಿಸಿ "ದೇವಸ್ಥಾನ ಇಲ್ಲೇ ಅಂತಿದೆಯಲ್ಲಾ" ಅನ್ನುತ್ತಿದ್ದರು. ಕೊಟ್ಟಿಗೆಯ ಯಜಮಾನ ಸೆಗಣಿ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು, "ಇಲ್ಲಿ ಎಮ್ಮೆ ಐತೆ ಕಣ್ರವ್ವ, ದ್ಯಾವ್ರಿಲ್ಲ" ಅನ್ನುತ್ತಿದ್ದ. ಅವರಿಗೆ ದಾರಿ ತೋರಿಸಿದ ಮೇಲೆ, ಮೊಬೈಲಿನ ನಕ್ಷೆಯನ್ನು ನಮ್ಮಂಥವರೂ ತಿದ್ದಬಹುದು ಅಂತ ಗೊತ್ತಾಯಿತು. ತಿದ್ದಿದೆ. ಎರಡು ದಿನಕ್ಕೆ "ನಿಮ್ಮ ತಿದ್ದುಪಡಿ ಒಪ್ಪಿಕೊಂಡಿದ್ದೇವೆ, ಧನ್ಯವಾದ" ಅಂತ ಬಂತು. ಶಾಲೆಯಲ್ಲಿ ನಾನು ಬರೆದದ್ದನ್ನು ಯಾರೂ ಒಪ್ಪಿಕೊಂಡಿರಲಿಲ್ಲ. ಅಲ್ಲಿಂದ ಹಿಡಿಯಿತು ಹುಚ್ಚು. ಪಂಕ್ಚರ್ ಅಂಗಡಿ, ಹಿಟ್ಟಿನ ಗಿರಣಿ, ಗಂಡಸಿ ಊರಿನ ಮೇವಿನ ಅಂಗಡಿ, ಕಂಡಿದ್ದನ್ನೆಲ್ಲ ನಕ್ಷೆಗೆ ಏರಿಸಿದೆ. ನನ್ನ ಹೆಂಡತಿ ಸುಮ, "ಊರೋರಿಗೆಲ್ಲ ದಾರಿ ತೋರಿಸ್ತೀರ, ರೇಷನ್ ಅಂಗಡಿ ದಾರಿ ಮಾತ್ರ ನಿಮಗೆ ಸಿಗಲ್ಲ" ಅಂತ ಚುಚ್ಚಿದರೂ ಬಿಡಲಿಲ್ಲ. ಕೊನೆಗೆ ಹೀಗೆ ನಕ್ಷೆ ತಿದ್ದುವವರ ಮೊಬೈಲ್ ಗುಂಪೊಂದಕ್ಕೆ ನನ್ನನ್ನೂ ಸೇರಿಸಿಕೊಂಡರು. ಅದರ ಮುಖ್ಯಸ್ಥರು ಪ್ರಕಾಶ್ ಸರ್, ಹಾಸನದ ಕಡೆ ಕಾಲೇಜಿನಲ್ಲಿ ಪಾಠ ಹೇಳುವವರು. ಉಳಿದವರೂ ಓದಿದವರೇ. ಅವರು ಇಂಗ್ಲಿಷಿನಲ್ಲಿ ಜೋಕು ಹಾಕಿದಾಗ ನಾನು ಬೇರೆಯವರು ನಕ್ಕ ಮೇಲೆ ನಗುತ್ತಿದ್ದೆ.

ಇನ್ನು ಅಕ್ಕನ ವಿಷಯ. ಗೌರಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಹಳೇಬೀಡಿನ ಬಸ್ ನಿಲ್ಲುವ ಕಡೆ ಅವಳದೊಂದು ತಳ್ಳುಗಾಡಿ, ಅದರಲ್ಲಿ ಮಾರುವುದು ಒಂದೇ ತಿಂಡಿ: ಬನ್ ನಿಪ್ಪಟ್ಟು. ಬನ್ನನ್ನು ಅಡ್ಡಕ್ಕೆ ಸೀಳಿ, ಒಂದು ಮಗ್ಗುಲಿಗೆ ತೆಂಗಿನಕಾಯಿ, ಹಸಿಮೆಣಸಿನಕಾಯಿಯ ಗಟ್ಟಿ ಚಟ್ನಿ, ಇನ್ನೊಂದಕ್ಕೆ ಬೆಣ್ಣೆ ಸವರಿ, ನಡುವೆ ಈರುಳ್ಳಿ ಉದುರಿಸಿ, ಒಂದು ನಿಪ್ಪಟ್ಟನ್ನು ಇಡಿಯಾಗಿ ಮಲಗಿಸಬೇಕು. ಆಮೇಲೆ ಅಂಗೈಯಿಂದ ಒಂದು ಸಲ ಒತ್ತಬೇಕು. ಒಳಗೆ "ಕರಕ್" ಅನ್ನುತ್ತದೆ. ಆ ಸದ್ದು ಆದ ಕೂಡಲೇ ತಿನ್ನಬೇಕು. ಫೋಟೊ ತೆಗೆಯುತ್ತ ಕೂತರೆ ನಿಪ್ಪಟ್ಟು ಮೆತ್ತಗಾಗಿ, ಅಕ್ಕ ಗಟ್ಟಿಯಾಗುತ್ತಾಳೆ. ನಮ್ಮ ಈ ರಸ್ತೆಯುದ್ದಕ್ಕೂ ಇದನ್ನೇ ಮಾರುವ ಗಾಡಿಗಳಿವೆ. ಅರಸೀಕೆರೆಯಲ್ಲಿ ಹಸಿಕಾಯಿ ಬದಲು ಕೊಬ್ಬರಿ ಚಟ್ನಿಪುಡಿ ಹಾಕುತ್ತಾರೆ, ಬೇಲೂರಿನಲ್ಲಿ ಕ್ಯಾರೆಟ್ ತುರಿ ಸೇರಿಸುತ್ತಾರೆ. ಅರೇಹಳ್ಳಿ ಕಡೆಯ ಒಬ್ಬ ಮೆಣಸಿನಪುಡಿ ಹಾಕುವ ರೀತಿ ನೋಡಿದರೆ ಅವನಿಗೆ ತಿನ್ನುವವನ ಮೇಲೆ ಹಳೇ ದ್ವೇಷ ಇರಬೇಕು ಅನಿಸುತ್ತದೆ.

ನಕ್ಷೆಯಲ್ಲಿ ಪ್ರತಿ ಅಂಗಡಿಗೂ ಒಂದು ವರ್ಗ ಇರುತ್ತದೆ. ಬೇಕರಿ, ಹೋಟೆಲು, ಜ್ಯೂಸ್ ಅಂಗಡಿ ಹೀಗೆ. ವರ್ಗ ಇದ್ದರೆ ಹುಡುಕಿದವರಿಗೆ ಸಿಗುತ್ತದೆ. ನಮ್ಮಕ್ಕನ ಗಾಡಿಯನ್ನು ನಾನು "ಇತರೆ" ಅನ್ನುವ ವರ್ಗಕ್ಕೆ ಹಾಕಿದ್ದೆ. ಅಲ್ಲಿ ಅವಳ ಜೊತೆಗೆ ಲಾರಿ ತೂಗುವ ಒಂದು ವೇಬ್ರಿಡ್ಜೂ ಒಂದು ಹಳೇ ಗುಜರಿ ಅಂಗಡಿಯೂ ಇದ್ದವು. ಹೀಗಿರುವಾಗ ಪ್ರಕಾಶ್ ಸರ್ ಒಂದು ಸಲ ಬೇಲೂರಿಗೆ ಹೋದವರು ಬನ್ ನಿಪ್ಪಟ್ಟು ತಿಂದು ಮರುಳಾಗಿ, "ಇದಕ್ಕೆ ಸ್ವಂತ ವರ್ಗ ಯಾಕೆ ಇರಬಾರದು?" ಅಂತ ಗುಂಪಿನಲ್ಲಿ ಕೇಳಿದರು. ಆವತ್ತಿಂದ ಒಂದು ವಾರ ಚರ್ಚೆ. ಒಬ್ಬರು, "ಬನ್ನಿನ ಮಧ್ಯೆ ಏನಿಟ್ಟರೂ ಸ್ಯಾಂಡ್‌ವಿಚ್ಚೇ" ಅಂದರು. ಇನ್ನೊಬ್ಬರು, "ಹಾಗಾದರೆ ಬನ್ನಿನ ಮಧ್ಯೆ ಮೈಸೂರುಪಾಕ್ ಇಟ್ಟರೆ?" ಅಂದರು. "ಅದು ಹುಚ್ಚು" ಅಂತ ಉತ್ತರ ಬಂತು. ಕೊನೆಗೆ ಪ್ರಕಾಶ್ ಸರ್ ಬರೆದರು: "ರುದ್ರೇಶ್ ಅವರೇ, ಆ ರಸ್ತೆ ನಿಮಗೆ ಗೊತ್ತಿರುವಷ್ಟು ನಮಗಾರಿಗೂ ಗೊತ್ತಿಲ್ಲ. ಇದನ್ನೇ ಮಾರುವ ಗಾಡಿಗಳು ನಿಜವಾಗಿ ಇವೆಯಾ, ಜನ ಹೆಸರು ಹಿಡಿದು ಕೇಳಿಕೊಂಡು ಬರುತ್ತಾರಾ ನೋಡಿ. ನೀವು ಹೇಳಿದ ಹಾಗೆ ಮಾಡೋಣ."

ನನ್ನ ಹೆಸರಿನ ಮುಂದೆ "ಅವರೇ" ಅಂತ ಇದ್ದದ್ದನ್ನು ಸುಮಳಿಗೆ ಎರಡು ಸಲ ತೋರಿಸಿದೆ. ಆಮೇಲೆ ತನಿಖೆಗೆ ಹೊರಟೆ. ತನಿಖೆ ಅಂದರೆ ಗಾಡಿ ಕಂಡ ಕಡೆಯೆಲ್ಲ ಇಳಿದು ತಿನ್ನುವುದು. ಹಳೇಬೀಡಿಗೆ ಬರುವ ಹೊತ್ತಿಗೆ ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಅಕ್ಕನಿಗೆ ವಿಷಯ ಹೇಳಿದೆ. ಅವಳು ಕೈ ಒರೆಸಿಕೊಂಡು, "ಅಂದ್ರೆ ಬನ್ ನಿಪ್ಪಟ್ಟು ಅಂತ್ಲೇ ಬರ್ತದೇನ್ಲಾ? ನನ್ ಗಾಡಿ ಗುಜರಿ ಅಂಗಡಿ ಪಕ್ಕದಿಂದ ಎದ್ದೇಳ್ತದಾ?" ಅಂದಳು. "ಬರ್ತದೆ ಕಣಕ್ಕ, ನಾನು ಹೂಂ ಅನ್ನೋದೊಂದೇ ಬಾಕಿ" ಅಂದೆ. "ನೀನು ಹೂಂ ಅಂದಿದ್ದನ್ನ ಇನ್ನೊಬ್ರು ಕೇಳೋ ಕಾಲ ಬಂತಲ್ಲೋ" ಅಂತ ನಕ್ಕು, ಪಕ್ಕದ ಎಳನೀರಿನವನಿಗೂ ಕೂಗಿ ಹೇಳಿದಳು.

ಇಷ್ಟಾದ ಮೇಲೂ ನಾನು ಬೇಡ ಅಂದೆ. ಯಾಕೆ ಅಂತ ಹೇಳಬೇಕು. ನಮ್ಮ ಮನೆಗಳಲ್ಲಿ ಮದುವೆ ಮುಂಜಿ ಏನೇ ಇರಲಿ, ಬಂದವರದ್ದೆಲ್ಲ ಊಟ ಆದ ಮೇಲೆ ಮನೆಯವರು ಕೂರುವುದು. ಬಡಿಸುವವನು ತನ್ನ ಅಕ್ಕತಂಗಿಯ ಎಲೆಗೆ ಮೊದಲು ಹೋಳಿಗೆ ಹಾಕಿದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ. ಹಾಗಾಗಿ ನಾವು ನಮ್ಮವರ ಎಲೆಯನ್ನು ನೋಡಿಯೂ ನೋಡದ ಹಾಗೆ ದಾಟಿ ಹೋಗುವುದನ್ನು ಕಲಿತಿದ್ದೇವೆ. ಉತ್ತರ ಬರೆಯಲು ಕೂತಾಗ ನನಗೆ ಅದೇ ಅಭ್ಯಾಸ ಕೈಗೆ ಬಂತು. ಗೌರಕ್ಕ ನನ್ನ ಅಕ್ಕ ಅಂತ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾಳೆ ಗೊತ್ತಾದರೆ? "ಓ, ಏಳನೇ ಕ್ಲಾಸಿನವನಿಗೆ ಕೆಲಸ ಕೊಟ್ಟರೆ ಅಕ್ಕನ ಗಾಡಿಗೆ ವರ್ಗ ಮಾಡಿಸಿಕೊಂಡ" ಅನ್ನುವುದಿಲ್ಲವೇ? ಅವರಿಗೆ ನಾನು ಏಳನೇ ಕ್ಲಾಸು ಅಂತಲೂ ಗೊತ್ತಿರಲಿಲ್ಲ, ಅದು ಬೇರೆ ಮಾತು. ಯೋಚಿಸಿ ಯೋಚಿಸಿ, ತೂಕದ ಮನುಷ್ಯನ ಹಾಗೆ ಬರೆದೆ: "ಸರ್, ಪರಿಶೀಲಿಸಿದೆ. ಪ್ರತ್ಯೇಕ ವರ್ಗ ಬೇಡ. ಇದು ಒಂದು ರೀತಿಯ ಸ್ಯಾಂಡ್‌ವಿಚ್ ಅಷ್ಟೇ." ಕೈಮುಗಿದ ಚಿತ್ರ. "ನಿಷ್ಪಕ್ಷಪಾತ ವರದಿ" ಅಂತ ಒಬ್ಬರು ಹೊಗಳಿದರು. ಆ ಪದವನ್ನು ಅಕ್ಷರ ಕೂಡಿಸಿಕೊಂಡು ಓದಿ, ಅರ್ಧ ಗಂಟೆ ಖುಷಿಯಾಗಿದ್ದೆ.

ಮಾರನೇ ವಾರ ಆ ರಸ್ತೆಯ ಗಾಡಿಗಳೆಲ್ಲ ನಕ್ಷೆಯಲ್ಲಿ "ಸ್ಯಾಂಡ್‌ವಿಚ್ ಅಂಗಡಿ" ಆದವು. ಹಳೇಬೀಡಿಗೆ ಶಿಲ್ಪ ನೋಡಲು ಬಂದವರು ಮೊಬೈಲ್ ಹಿಡಿದು ಅಕ್ಕನ ಮುಂದೆ ನಿಂತು, ಚೀಸ್ ಇದೆಯಾ, ಗ್ರಿಲ್ ಮಾಡಿಕೊಡ್ತೀರಾ, ಸೌತೆಕಾಯಿ ಹಾಕ್ತೀರಾ ಅಂತ ಕೇಳತೊಡಗಿದರು. ಇಲ್ಲ ಅಂದರೆ, ಮೋಸ ಹೋದವರ ಮುಖ ಮಾಡಿಕೊಂಡು ಹೋಗುತ್ತಿದ್ದರು. ಒಬ್ಬ ಪುಣ್ಯಾತ್ಮ ಒಂದೇ ನಕ್ಷತ್ರ ಕೊಟ್ಟು, "ಬನ್ನಿನ ಒಳಗೆ ಗಟ್ಟಿ ಬಿಸ್ಕತ್ತು ಇಟ್ಟು ಕೊಡುತ್ತಾರೆ, ಹಲ್ಲು ಜೋಪಾನ" ಅಂತ ಬರೆದ. ಎಳನೀರಿನವನು ಅದನ್ನು ಗಟ್ಟಿಯಾಗಿ ಓದಿ ಹೇಳಿದನಂತೆ.

ನಾನು ಟ್ರೇ ಇಳಿಸಲು ಹೋದಾಗ ಅಕ್ಕ ಕುದಿಯುತ್ತಿದ್ದಳು. "ಯಾವನ್ಲಾ ಅವ್ನು, ನನ್ ಗಾಡೀನ ಸ್ಯಾಂಡ್‌ವಿಚ್ ಅಂತ ಬರ್ದೋನು? ಅವನ ಬಾಯಿಗೆ ಹಾಗಲಕಾಯಿ ಹಾಕ."

"ಹೌದಕ್ಕ, ಎಂಥೆಂಥ ಜನ ಇರ್ತಾರೆ ನೋಡು" ಅಂದೆ. ಅಂದವನು ಅಷ್ಟಕ್ಕೇ ಬಿಡಬಹುದಿತ್ತು. "ಅಂಥೋರಿಗೆ ಹಾಗಲಕಾಯಿ ಸಾಲದು" ಅಂತ ಬೇರೆ ಸೇರಿಸಿದೆ.

"ನೀನು ಹೂಂ ಅಂದಿದ್ಯಲ್ಲ?"

"ನಾನೊಬ್ಬ ಅಂದ್ರೆ ಆಗ್ತದಾ ಅಕ್ಕ, ದೊಡ್ಡೋರೆಲ್ಲ ಅವ್ರೆ."

"ಹೋಗ್ಲಿ ಬಿಡು, ನೀನೇನ್ ಮಾಡ್ತೀಯ ಪಾಪ" ಅಂತ ಒಂದು ಬನ್ನು ಒತ್ತಿ ಕೊಟ್ಟಳು. ನನಗಾಗಿ ಒಳಗೆ ಎರಡು ನಿಪ್ಪಟ್ಟು ಇಟ್ಟಿದ್ದಳು. ಅವಳು ನಾಲ್ಕು ಬೈದಿದ್ದರೆ ಎಷ್ಟು ಸುಲಭವಾಗುತ್ತಿತ್ತು!

ಆಮೇಲೆ ಹಲವು ವಾರ ನಾನು ಒಳ್ಳೆಯ ತಮ್ಮನಾದೆ. ಗಂಡಸಿ ಕಡೆಯಿಂದ ತೆಂಗಿನಕಾಯಿ ತಂದು ಹಾಕಿದೆ. ಗಾಡಿಯ ಚಕ್ರಕ್ಕೆ ಎಣ್ಣೆ ಬಿಟ್ಟೆ. ಒಂದು ದಿನ ಅವಳ ಪಾತ್ರೆಯನ್ನೂ ತೊಳೆದೆ. ಅಕ್ಕ ಅನುಮಾನದಿಂದ ನೋಡಿ, "ಯಾಕ್ಲಾ, ಸುಮ ಮನೆಯಿಂದ ಓಡ್ಸಿದ್ಲಾ?" ಅಂದಳು. ನಮ್ಮ ಕಡೆ ಒಡಹುಟ್ಟಿದವರು ಒಬ್ಬರಿಗೊಬ್ಬರು ತಪ್ಪಾಯಿತು ಅನ್ನುವ ಪದ್ಧತಿ ಇಲ್ಲ. ಜಗಳ ಆದರೆ ನಾಲ್ಕು ದಿನ ಬಿಟ್ಟು "ಊಟ ಆಯ್ತಾ" ಅಂತ ಕೇಳುತ್ತೇವೆ, ಅದೇ ರಾಜಿ. ನಾನು ಆ ಬೇಸಿಗೆಯಲ್ಲಿ ಅಕ್ಕನನ್ನು ಊಟ ಆಯ್ತಾ ಅಂತ ಎಷ್ಟು ಸಲ ಕೇಳಿದೆ ಅಂದರೆ, ನನಗೇನೋ ಹೊಟ್ಟೆ ಕಾಯಿಲೆ ಬಂದಿದೆ ಅಂತ ಅವಳು ಸುಮಳಿಗೆ ಫೋನ್ ಮಾಡಿದಳು.

ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ, ಗಾಡಿಯ ಮೇಲೆ ನಿಪ್ಪಟ್ಟಿನ ಡಬ್ಬ ಇಲ್ಲ. ಆ ಜಾಗದಲ್ಲಿ ಟೋಸ್ಟ್ ಮಾಡುವ ಒಂದು ಹೊಸ ಕಬ್ಬಿಣದ ಅಚ್ಚು, ಎರಡು ಸೌತೆಕಾಯಿ, ಪೊಟ್ಟಣದಲ್ಲಿ ಚೀಸು. ಅಕ್ಕ ಕನ್ನಡಕ ಹಾಕಿಕೊಂಡು ಚೀಸಿನ ಹಾಳೆಯ ಅಂಟು ಬಿಡಿಸುತ್ತಿದ್ದಳು. ಅದು ಅವಳ ಬೆರಳಿಗೇ ಅಂಟುತ್ತಿತ್ತು. "ಎಲ್ರೂ ಇದನ್ನೇ ಕೇಳ್ತಾರೆ ಕಣೋ. ಇನ್ಮೇಲೆ ನಿಪ್ಪಟ್ಟು ಕರಿಯೋದು ನಿಲ್ಲಿಸ್ಬಿಡ್ತೀನಿ. ನಮ್ದು ಹಳೇದಾಯ್ತೇನೋ" ಅಂದಳು. ಹನ್ನೊಂದು ವರ್ಷದಿಂದ ಆ ಗಾಡಿಯ ಮುಂದೆ ನಿಂತು ಒಮ್ಮೆಯೂ ನಾನು ಅವಳ ಬಾಯಲ್ಲಿ "ಏನೋ" ಅನ್ನುವ ಪದ ಕೇಳಿರಲಿಲ್ಲ. ಅವಳು ಏನೇ ಹೇಳಿದರೂ ಖಚಿತವಾಗಿ ಹೇಳುವವಳು, ತಪ್ಪಾದರೂ ಖಚಿತವಾಗಿಯೇ.

ಆಟೊವನ್ನು ಮಾದಿಹಳ್ಳಿ ಹತ್ತಿರ ನೆರಳಿಗೆ ಹಾಕಿ ಗುಂಪಿಗೆ ಬರೆದೆ. "ಸರ್, ನನ್ನ ವರದಿ ಸುಳ್ಳು. ಗಾಡಿಗಳು ಇವೆ, ಜನ ಹೆಸರು ಹಿಡಿದೇ ಕೇಳುತ್ತಾರೆ. ಹಳೇಬೀಡಿನ ಗೌರಕ್ಕ ನನ್ನ ಸ್ವಂತ ಅಕ್ಕ. ಅದು ಗೊತ್ತಾದರೆ ಏನಂತೀರೋ ಅಂತ ಬೇಡ ಅಂದೆ. ನಾನು ಓದಿದ್ದು ಏಳನೇ ಕ್ಲಾಸು." ಕೊನೆಯದನ್ನು ಯಾರೂ ಕೇಳಿರಲಿಲ್ಲ, ತಪ್ಪೊಪ್ಪಿಗೆಯ ಭರಾಟೆಯಲ್ಲಿ ಅದೂ ಬಂದುಬಿಟ್ಟಿತು. ಆಮೇಲೆ ಪ್ರಕಾಶ್ ಸರ್, "ತಮ್ಮವರ ಪರ ಸುಳ್ಳು ಹೇಳುವವರನ್ನು ಬೇಕಾದಷ್ಟು ನೋಡಿದ್ದೇನೆ. ತಮ್ಮವರ ವಿರುದ್ಧ ಹೇಳಿದವರು ನೀವೇ ಮೊದಲು" ಅಂತ ಬರೆದರು. ಮುಂದಿನ ಭಾನುವಾರ ಅವರೂ ಇನ್ನಿಬ್ಬರೂ ಗಾಡಿ ಗಾಡಿಗೆ ಇಳಿದು ತಿಂದು ನೋಡಿದರು. ನನ್ನನ್ನು ಜೊತೆಗೆ ಕರೆಯಲಿಲ್ಲ, ಸರಿಯಾಗಿಯೇ ಮಾಡಿದರು. ಹದಿನೈದು ದಿನಕ್ಕೆ ನಕ್ಷೆಯಲ್ಲಿ "ಬನ್ ನಿಪ್ಪಟ್ಟು" ಅನ್ನುವ ವರ್ಗ ಬಂತು. ಪಕ್ಕದಲ್ಲಿ ಪುಟ್ಟ ಬನ್ನಿನ ಚಿತ್ರ.

ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅಕ್ಕ ಟೋಸ್ಟಿನ ಅಚ್ಚನ್ನು ಎಳನೀರಿನವನಿಗೆ ದಾನ ಮಾಡಿ, ಮತ್ತೆ ನಿಪ್ಪಟ್ಟು ಕರಿಯತೊಡಗಿದಳು. ಬಂದವರಿಗೆಲ್ಲ, "ಇದು ಮೊಬೈಲಿನಾಗೆ ಬಂದದ್ದು ನನ್ ತಮ್ಮನಿಂದ. ದೊಡ್ಡದೊಡ್ಡೋರ ಜೊತೆ ವಾದ ಮಾಡಿ ಹಾಕ್ಸಿದಾನೆ" ಅಂತ ಹೇಳತೊಡಗಿದಳು. ನಾನು ಕೆಡಿಸಿದ್ದನ್ನು ನಾನೇ ಸರಿಮಾಡಿದ್ದಕ್ಕೆ ನನಗೇ ಸನ್ಮಾನ. ನಾಚಿಕೆಯಾಯಿತು ಅಂತ ಬರೆದರೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಮೊದಲ ಎರಡು ದಿನ ಹಿತವಾಗಿಯೇ ಇತ್ತು. ಬೇಲೂರಿನ ಗಾಡಿಯವನು ಕೈ ಕುಲುಕಿದಾಗ ನಾನು, "ಏನೋ, ನಮ್ಮ ಕೈಲಾಗಿದ್ದು" ಅಂದೆ ಕೂಡ.

ಮೂರನೇ ದಿನ ಮಧ್ಯಾಹ್ನ ಅಕ್ಕ ಬಸ್ಸಿಗೆ ಕಾಯುತ್ತಿದ್ದ ಹೆಂಗಸರ ಗುಂಪಿಗೆ ನನ್ನನ್ನು ತೋರಿಸಿ, "ಇವನೇ ಕಣ್ರವ್ವ, ಓದಿದ್ದು ಕಮ್ಮಿ ಆದ್ರೂ ಅಕ್ಕನ್ನ ಬಿಟ್ಕೊಡ್ಲಿಲ್ಲ" ಅಂದಳು. ನನ್ನ ಕೈಯಲ್ಲಿದ್ದ ಟ್ರೇಯನ್ನು ಗಾಡಿಯ ಮೇಲಿಟ್ಟೆ. ಪಕ್ಕದಲ್ಲೇ ಒಂದು ಬಸ್ಸು ಗಡಗಡ ಅಂತ ನಿಂತಿತ್ತು. ಆ ಸದ್ದಿನ ಧೈರ್ಯದಲ್ಲಿ ಅವಳ ಕಿವಿಯ ಹತ್ತಿರ ಹೋಗಿ ಹೇಳಿದೆ.

"ಏನಂದೆ? ಕೇಳಿಸ್ಲಿಲ್ಲ, ಗಟ್ಟಿಯಾಗಿ ಹೇಳ್ಲಾ" ಅಂದಳು.

ಮತ್ತೆ ಹೇಳಿದೆ. ಕೇಳಿಸಲಿಲ್ಲ. ಮೂರನೇ ಸಲ ಎದೆ ತುಂಬ ಉಸಿರು ತೆಗೆದುಕೊಂಡು ಬಾಯಿ ಬಿಟ್ಟೆ. ಸರಿಯಾಗಿ ಅದೇ ಗಳಿಗೆಗೆ ಡ್ರೈವರು ಇಂಜಿನ್ ಆಫ್ ಮಾಡಿದ. ಆ ನಿಶ್ಶಬ್ದದಲ್ಲಿ, ಬಸ್ಸಿನ ಕಿಟಕಿಗಳಿಗೂ ಎಳನೀರಿನವನಿಗೂ ಆ ಹೆಂಗಸರಿಗೂ ಒಟ್ಟಿಗೆ ಕೇಳಿಸುವ ಹಾಗೆ ನನ್ನ ಬಾಯಿಂದ ಬಂದದ್ದು ಇಷ್ಟು:

"ತಪ್ಪಾಯ್ತು ಕಣಕ್ಕಾ! ಸ್ಯಾಂಡ್‌ವಿಚ್ ಅಂತ ಬರ್ದೋನು ನಾನೇ. ನೀನು ನನ್ನಕ್ಕ ಅಂತ ಹೇಳ್ಕೊಳ್ಳೋಕೆ ಹೆದರ್ಕೊಂಡೆ, ತಪ್ಪಾಯ್ತು!"